ವಾಪಸು ಕಳಿಸಿದ ನೋಟಿಸು

ಮೂಡಲಗಿ
೩ ಜುಲೈ ೨೦೨೪, ಬುಧವಾರ

ಐಶ್ವರ್ಯಾಳ ಅಪ್ಪನವರಿಗೆ ಭಾಗ್ಯಾಳ ಶರಣು ಶರಣಾರ್ಥಿ.

ಕಾಲು ಹೇಗಿದೆ? ಇಚಲಕರಂಜಿಯಲ್ಲಿ ಮಳೆ ಹಿಡಿದಿದೆಯಂತೆ. ರಾಡು ಹಾಕಿದ ಕಾಲು, ತಂಪಿಗೆ ಸೆಳೆಯುತ್ತದೆ. ದಿನವಿಡೀ ಬೇರೆಯವರ ಗಾಡಿಯ ಕ್ಲಚ್ ಒತ್ತುವವರು ಮಲಗುವ ಮುಂಚೆಯಾದರೂ ಎಣ್ಣೆ ತಿಕ್ಕಿಕೊಳ್ಳಿ. ಇಲ್ಲಿ ಎಲ್ಲರೂ ಆರಾಮ. ನಿಮ್ಮ ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ಮಾತು ಮಾತ್ರ ಕಡಿಮೆಯಾಗಿಲ್ಲ. ಸಾಲದ ಏಜೆಂಟರ ಕಾಟಕ್ಕೆ ನೀವು ಫೋನ್ ಬಂದ್ ಮಾಡಿ ಒಂದು ತಿಂಗಳಾಯಿತು. ಅದಕ್ಕೇ ಈ ಪತ್ರ. ಬಾಜೂ ಮನೆಯ ಈಶ್ವರ ತರಕಾರಿ ಗಾಡಿಯಲ್ಲಿ ಬಂದು ಕೈಗೇ ಕೊಡುತ್ತಾನೆ.

ಸುದ್ದಿ ಮನೆಯದ್ದೇ. ನಿಮ್ಮ ಟೆಂಪೊ ಅಪಘಾತವಾದ ಮೇಲೆ ಗೃಹಸಾಲದ ಕಂತು ಏಳು ತಿಂಗಳು ನಿಂತಿತ್ತಲ್ಲ, ಸಾಲದ ಕಂಪನಿಯವರು ಹೋದ ವಾರ ಬಾಗಿಲಿಗೇ ನೋಟಿಸು ಅಂಟಿಸಿದರು. ಜುಲೈ ಎಂಟರೊಳಗೆ ದಾರಿ ಮಾಡದಿದ್ದರೆ ಮನೆ ಜಪ್ತಿ. ಮೊದಲೇ ಯಾಕೆ ತಿಳಿಸಲಿಲ್ಲ ಎಂದು ನಾನು ಅವರ ಮೇಲೆ ಹಾರಾಡಿದೆ. ಆಗ ಮಾವನವರು ಬಾಯಿಬಿಟ್ಟರು. ಎರಡು ಸಲ ರಿಜಿಸ್ಟರ್ ಪತ್ರ ಬಂದಿತ್ತಂತೆ. ಅಂಚೆಯವನಿಗೆ ಚಹಾ ಕುಡಿಸಿ, ಪತ್ರ ಮುಟ್ಟದೆ ವಾಪಸು ಕಳಿಸಿದ್ದರಂತೆ. “ಸಹೀನ ಮಾಡಿಲ್ಲಂದ್ರ ನೋಟಿಸ್ ಮುಟ್ಟಿದಂಗ ಹೆಂಗ ಆಕ್ಕೈತಿ?” ಎಂದು ನನ್ನನ್ನೇ ಕೇಳಿದರು. ಎಂದೋ ಯಾರಿಗೋ ಜಾಮೀನು ನಿಂತು ಪೇಚಾಡಿದ ಮನುಷ್ಯ, ಅಂದಿನಿಂದ ಪೆನ್ನು ಕಂಡರೆ ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ. ಸಿಟ್ಟೂ ಬಂತು, ನಗುವೂ ಬಂತು. ನೀವೇನು ಕಡಿಮೆಯೇ? ಅಪ್ಪ ಪತ್ರ ತೆಗೆದುಕೊಳ್ಳುವುದಿಲ್ಲ, ಮಗ ಫೋನ್ ಎತ್ತುವುದಿಲ್ಲ.

ಮರುದಿನವೇ ಹುಕ್ಕೇರಿಗೆ ಹೋದೆ. ವಕೀಲರ ಹತ್ತಿರ ಕೆಲಸ ಮಾಡುವ ನನ್ನ ಅಣ್ಣ ಅರ್ಜುನ ನೋಟಿಸು ಓದಿ, “ತಗೊಳ್ಳಾಕ ಒಲ್ಲೆ ಅಂದ್ರು ಅಂತ ಅಂಚೆಯವ ಬರದ್ರ ಮುಟ್ಟಿದಂಗ ಲೆಕ್ಕ. ಎದರಿಗಿ ಹೋಗಿ ಕುಂದ್ರು” ಎಂದ. ಅವನೇ ಅರ್ಜಿ ಬರೆದುಕೊಟ್ಟ. ನಿಮ್ಮ ಆಸ್ಪತ್ರೆ ಕಾಗದ, ನನ್ನ ರೊಟ್ಟಿ ಕೇಂದ್ರದ ಪಾಸ್‌ಬುಕ್ ಎರಡನ್ನೂ ಹಚ್ಚಿದೆವು. ಅಲ್ಲಿಂದ ಕಂಪನಿಯ ಗೋಕಾಕದ ಕಚೇರಿಗೆ. ಮ್ಯಾನೇಜರು ಮುಖ ಎತ್ತದೆಯೇ, “ನಿಮ್ಮ ಮನಿಯವ್ರು ಓಡಿ ಹೋಗ್ಯಾರೇನ್ರಿ?” ಎಂದರು. ಮೈ ಉರಿದುಹೋಯಿತು. “ಓಡಿ ಹೋಗಿಲ್ರಿ, ದುಡ್ಯಾಕ ಹೋಗ್ಯಾರ. ನಾ ಇಲ್ಲೇ ಅದೀನಲ್ಲ, ನನ್ನ ಕೂಡ ಮಾತಾಡ್ರಿ” ಎಂದೆ. ಮಾತಾಡಿದರು. ಈಗ ಮೂರು ಕಂತು ಕಟ್ಟಿದರೆ ಉಳಿದ ಬಾಕಿಯನ್ನು ಸಾಲಕ್ಕೆ ಸೇರಿಸಿ, ಅವಧಿಯನ್ನು ಐದು ವರ್ಷ ಹೆಚ್ಚಿಸುತ್ತಾರೆ. ತಿಂಗಳ ಕಂತು ಹದಿನಾಲ್ಕು ಸಾವಿರದಿಂದ ಹನ್ನೊಂದಕ್ಕೆ ಇಳಿಯುತ್ತದೆ. ಮೂರು ಕಂತು ರೊಟ್ಟಿಯ ದುಡ್ಡಿನಲ್ಲಿ ಕಟ್ಟಿ ಪಾವತಿ ಚೀಟಿ ತಂದಿದ್ದೇನೆ. ಬಡ್ಡಿ ಒಟ್ಟಿನಲ್ಲಿ ಹೆಚ್ಚೇ ಆಗುತ್ತದೆ, ಗೊತ್ತಿದೆ. ಆದರೆ ಹನ್ನೊಂದು ಸಾವಿರ ನಾವಿಬ್ಬರೂ ಕೈ ಹಚ್ಚಿದರೆ ದೊಡ್ಡದಲ್ಲ.

ಮಾವನವರು ತಪ್ಪಾಯಿತೆಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಇಂದು ಉಂಡರು. ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಮಗಳು ಮುತ್ತು ಕಳಿಸಿದ್ದಾಳೆ. ಬಸವಣ್ಣ ನಮ್ಮ ಕೈಬಿಡುವುದಿಲ್ಲ.

ನಿಮ್ಮ
ಭಾಗ್ಯಾ

ತಾ.ಕ.: ಈಶ್ವರ ಹಾರ್ನ್ ಹೊಡೆಯುತ್ತಿದ್ದಾನೆ. ಖರೆ ಮಾತು ಇದು: ಸಾಲ ಇಬ್ಬರ ಹೆಸರಿನಲ್ಲಿದೆ, ಹೊಸ ಕರಾರಿಗೆ ನನ್ನೊಬ್ಬಳ ಸಹಿ ನಡೆಯುವುದಿಲ್ಲ. ಸೋಮವಾರ, ಎಂಟನೆಯ ತಾರೀಖು, ಹನ್ನೊಂದು ಗಂಟೆಗೆ ಗೋಕಾಕದ ಕಚೇರಿಗೆ ಬನ್ನಿ. ಅದು ಕೊನೆಯ ದಿನ. “ನಮ್ಮವ್ರು ಬರ್ತಾರ್ರಿ” ಎಂದು ಮಾತು ಕೊಟ್ಟು ಬಂದಿದ್ದೇನೆ. ನಾಚಿಕೆಯಾದರೆ ಆಗಲಿ, ನನ್ನ ಬಾಜೂ ಕುಳಿತು ನಾಚಿಕೊಳ್ಳಿ.