ರಾಣಿಯಿಲ್ಲದ ಪೆಟ್ಟಿಗೆ

ವೀರನಹೊಸಹಳ್ಳಿ
ಮಾರ್ಚ್ ೧೧, ೧೯೭೨

ಅಣ್ಣಾ,

ನೀನು ತೀರಿಕೊಂಡು, ನಾನು ಈ ಮನೆಗೆ ವಾಪಸು ಬಂದು ತಿಂಗಳಾಯ್ತು. ಹಿತ್ತಲಿನ ನಿನ್ನ ಎರಡು ಜೇನುಪೆಟ್ಟಿಗೆಗಳಲ್ಲಿ ಒಂದರಲ್ಲಿ ರಾಣಿ ಇದ್ದಂಗಿಲ್ಲ. ಐದು ದಿನದ ಹಿಂದೆ ಮುಚ್ಚಳ ತೆಗೆದಾಗ ಮೇಣದ ಎರಿಗಳಲ್ಲಿ ಒಂದು ಮೊಟ್ಟೆಯೂ ಕಾಣಲಿಲ್ಲ. ಹುಳಗಳು ದಿಕ್ಕೆಟ್ಟು ಗುಂಯ್‌ಗುಡುತ್ತಿದ್ದವು. ಅದಕ್ಕೂ ಮುಂಚೆ ಪೆಟ್ಟಿಗೆ ಗುಡಿಸುವಾಗ ನಾನೇ ರಾಣಿಯನ್ನು ಒತ್ತಿ ಕೊಂದೆನೇನೋ ಅಂತ ಭಯವಾಯ್ತು.

"ಅವರ ಕೈಯಾರೆ ಸಾಕಿದ್ದು ಕಣವ್ವ, ಹೆಂಗಾದ್ರೂ ಉಳಿಸು," ಅಂದ್ರು ಕೆಂಚಿ ಅತ್ತಿಗೆ.

ಇನ್ನೊಂದು ಪೆಟ್ಟಿಗೆಯಿಂದ ಮೊಟ್ಟೆಯಿದ್ದ ಎರಿಯನ್ನು ತಂದು ಇದರೊಳಗಿಟ್ಟೆ. ರಾಣಿ ಇಲ್ಲದಿದ್ದರೆ ಹುಳಗಳು ಆ ಮೊಟ್ಟೆಯಿಂದಲೇ ಹೊಸ ರಾಣಿಯನ್ನು ಬೆಳೆಸುತ್ತವೆ. ಐದು ದಿನ ಮುಚ್ಚಳ ಮುಟ್ಟದೆ ಕಾದೆ.

ಈವತ್ತು ಬೆಳಿಗ್ಗೆ ತೆಗೆದು ನೋಡಿದೆ. ಎರಿಯ ಅಂಚಿನಲ್ಲಿ ಕಡ್ಲೆಕಾಯಿಯಂಥ ಎರಡು ರಾಣಿಗೂಡು ಇಳಿಬಿದ್ದಿದ್ದವು. ಹಳೆಯ ರಾಣಿ ಹೋಗಿದ್ದು ನಿಜ. ಹೊಸದು ಹುಟ್ಟಿ, ಗಂಡುಹುಳಗಳನ್ನು ಕೂಡಲು ಹೊರಗೆ ಹಾರಿ, ಹಕ್ಕಿಯ ಬಾಯಿಗೆ ಸಿಗದೆ ಗೂಡಿಗೆ ವಾಪಸು ಬರಬೇಕು. ಅಲ್ಲಿವರೆಗೆ ದಿನವೂ ಹಿತ್ತಲಲ್ಲಿ ಕೂತು ಕಾಯುತ್ತೇನೆ.

"ಇದನ್ನೆಲ್ಲ ಎಲ್ಲಿ ಕಲಿತೆ ನೀನು?" ಅತ್ತಿಗೆ ಕೇಳಿದ್ರು.

"ಅಣ್ಣ ಆರು ವರ್ಷ ನಂಗೆ ಬರೆದ ಕಾಗದಗಳಲ್ಲಿತ್ತು."

ಅತ್ತಿಗೆ ನನ್ನ ಮುಖವನ್ನೇ ನೋಡಿದ್ರು. "ಒಂದ್ಕೂ ಜವಾಬು ಬರ್ನಿಲ್ವಲ್ಲ. ಅವು ನಿಂಗೆ ತಲುಪ್ತಾನೇ ಇಲ್ಲ ಅನ್ಕೊಂಡೇ ಕಣ್ಮುಚ್ಚಿದ್ರು ಕಣವ್ವ."

ನಿನ್ನ ತಂಗಿ,
ಪುಟ್ಟಸಿದ್ದಮ್ಮ