ಆ ಮೀಸೆ ಕತ್ತರಿಸಿಕೊಂಡು ಬಾ

ಗುಂಡ,

ಅಜ್ಜಿಯ ಶ್ರದ್ಧಾಂಜಲಿ ಸಭೆಗೆ ಕುರ್ಚಿ ಜೋಡಿಸಬೇಕು, ನಾನು ಮೊದಲೇ ಸಭಾಂಗಣಕ್ಕೆ ಹೊರಟೆ. ಎಬ್ಬಿಸಿದರೆ ಸಿಡುಕುತ್ತೀಯ, ಅದಕ್ಕೇ ಈ ಚೀಟಿ. ಬಿಳಿ ಅಂಗಿ ಇಸ್ತ್ರಿ ಮಾಡಿ ಬಾಗಿಲ ಹಿಂದೆ ತೂಗುಹಾಕಿದ್ದೇನೆ. ಗ್ಯಾಸ್ ಆರಿಸಿ ಬಾ, ಮೊನ್ನೆಯ ಹಾಗೆ ಮಾಡಬೇಡ.

ಅಜ್ಜಿಯ ಬಗ್ಗೆ ನೀನೇ ಮಾತಾಡು. ನಾನು ಬಾಯಿ ತೆರೆದರೆ ಅಳುವೇ ಬರುತ್ತದೆ. ಗಿರಣಿಯ ಮಗ್ಗಗಳ ಸದ್ದಿನಲ್ಲಿ ದುಡಿದು ಕಿವಿ ಕಳೆದುಕೊಂಡಳು, ಆ ದುಡಿಮೆಯಲ್ಲೇ ನಮ್ಮಿಬ್ಬರನ್ನೂ ಸಾಕಿದಳು ಅಂತ ಹೇಳು, ಸಾಕು.

ಕಿರುಚಬೇಡ, ಪ್ರಯೋಜನವಿಲ್ಲ. ಮುಂದಿನ ಸಾಲಿನಲ್ಲಿ ಅವಳ ಜೊತೆ ದುಡಿದ ಮುದುಕಿಯರು ಕೂತಿರುತ್ತಾರೆ. ಅವರೂ ಅಜ್ಜಿಯ ಹಾಗೇ, ತುಟಿ ನೋಡಿ ಮಾತು ತಿಳಿದುಕೊಳ್ಳುವವರು. ತಲೆ ತಗ್ಗಿಸದೆ, ನಿಧಾನವಾಗಿ ಹೇಳು.

ಇನ್ನು ಆ ಮೀಸೆ. "ಏನೋ ಅದು, ಬಾಯಿಗೆ ಪರದೆ ಕಟ್ಟಿದ ಹಾಗೆ! ನೀನು ಏನಂದ್ಯೋ ಒಂದೂ ಗೊತ್ತಾಗಲ್ಲ" ಅಂತ ಅಜ್ಜಿ ಎಷ್ಟು ಗೊಣಗಿದಳು! ನೀನು ನಕ್ಕು ಮೀಸೆ ತಿರುವುತ್ತಿದ್ದೆ. ಕೊನೆಯ ದಿನ ಆಸ್ಪತ್ರೆಯಲ್ಲಿ ಅವಳ ಮೇಲೆ ಬಗ್ಗಿ ಏನೋ ಹೇಳಿದೆಯಲ್ಲ, ಆಗಲೂ ನನ್ನ ಕಡೆ ತಿರುಗಿ, "ಏನಂತಾನೆ ಇವನು?" ಅಂದಳು. ನನಗೂ ಕೇಳಿಸಿರಲಿಲ್ಲ.

ಕತ್ತರಿ ಕನ್ನಡಿಯ ಹತ್ತಿರ ಇಟ್ಟಿದ್ದೇನೆ. ಅವತ್ತು ಹೇಳಿದ್ದನ್ನು ಇವತ್ತು ಎಲ್ಲರಿಗೂ ಕಾಣುವ ಹಾಗೆ ಹೇಳು.

ಅಕ್ಕ