ಭಂಡಾರ ಬಿದ್ದದ್ದು ಹುಲಿಯ ಮೇಲಲ್ಲ

ಹುಲಿಗಳ ಯೋಗಕ್ಷೇಮ ನೋಡಿಕೊಳ್ಳುವ ಅರಣ್ಯಾಧಿಕಾರಿ ಸಾಹೇಬರೇ,

ಇವತ್ತು ಸೋಮವಾರ, ನನ್ನ ಉಪವಾಸ. ಕೊಟ್ಟಿಗೆಯ ಸಗಣಿ ಬಳಿದು, ಕುರಿಗಳನ್ನು ಹೊರಗೆ ಬಿಟ್ಟು, ಉಣ್ಣುವವರಿಗೆ ರೊಟ್ಟಿ ಬಡಿದಿಟ್ಟು, ಮನೆದೇವರು ಬೀರಪ್ಪನಿಗೆ ದೀಪ ಹಚ್ಚಿ ಈ ಪತ್ರಕ್ಕೆ ಕೂತಿದ್ದೇನೆ. ಉಪವಾಸದ ದಿನ ಸಿಟ್ಟು ಮಾಡಬಾರದು, ಕೆಟ್ಟ ಮಾತು ಆಡಬಾರದು. ಪತ್ರಿಕೆಯ ಮೂಲಕ ನಿಮಗೆ ಬರೆಯಲು ಈ ದಿನವನ್ನು ಆರಿಸಿಕೊಂಡದ್ದು ಅದಕ್ಕಾಗಿಯೇ. ಬೇರೆ ದಿನ ಬರೆದಿದ್ದರೆ ಪತ್ರಿಕೆಯವರು ಅಚ್ಚು ಹಾಕುತ್ತಿರಲಿಲ್ಲ.

ವಿಷಯ ಇಷ್ಟು. ನಿಮ್ಮ ಕಾಡಿನ ಸಫಾರಿ ಬಸ್ಸಿನಲ್ಲಿ ಗೈಡ್ ಆಗಿದ್ದ ಅನುಸೂಯಾ ಎಂಬ ಹೆಣ್ಣುಮಗಳನ್ನು ನೀವು ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸಿದ್ದೀರಿ. ಅವಳು ಮಾಡಿದ್ದು ಏನೂ ಇಲ್ಲ. ಮಾಡಿದವರು ನನ್ನ ಅತ್ತೆ ಗುಂಡಮ್ಮ. ಹುಲಿ ಕಂಡ ಕೂಡಲೇ ಬಸ್ಸಿನ ಕಿಟಕಿಯಿಂದ ಅವರು ಒಂದು ಹಿಡಿ ಭಂಡಾರ, ಅಂದರೆ ನಮ್ಮ ದೇವರ ಅರಿಶಿನ ಪುಡಿ, ತೂರಿದರು. ತೂರಿದವರು ಇಲ್ಲಿ ತಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದಾರೆ, ಪಕ್ಕದಲ್ಲಿ ನಿಂತಿದ್ದವಳಿಗೆ ಶಿಕ್ಷೆ. ನಿಮ್ಮ ಕಾಡಿನಲ್ಲಿ ಹುಲಿ ಕೂಡ ಜಿಂಕೆ ಓಡಿದರೆ ಜಿಂಕೆಯನ್ನೇ ಹಿಡಿಯುತ್ತದೆ, ಪಕ್ಕದ ಮರವನ್ನು ಹಿಡಿಯುವುದಿಲ್ಲ.

ನಾವು ಯಾರು ಎಂದು ಹೇಳಬೇಕು. ನಾನು ಹುಟ್ಟಿದ್ದು ಬೀದರ್ ಜಿಲ್ಲೆಯ ಹಳ್ಳಿಯಲ್ಲಿ, ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆ ಕಲಿತೆ. ಕೊಟ್ಟದ್ದು ಗಡಿಯಾಚೆ, ಮಹಾರಾಷ್ಟ್ರದ ನಿಲಂಗಾ ತಾಲೂಕಿನ ಔರಾದ ಶಹಾಜನಿಗೆ. ಇಲ್ಲಿ ನಮ್ಮ ರೇಷನ್ನು ಮರಾಠಿಯಲ್ಲಿ, ಜಗಳ ಕನ್ನಡದಲ್ಲಿ. ನಮ್ಮ ಓಣಿಯ ಹೆಂಗಸರದೊಂದು ಬಚತ್ ಗಟ ಇದೆ, ನಿಮ್ಮ ಕಡೆ ಉಳಿತಾಯ ಸಂಘ ಅನ್ನುತ್ತೀರಿ. ಪ್ರತಿವರ್ಷ ಎಲ್ಲರೂ ಕೂಡಿ ಪಂಢರಪುರಕ್ಕೋ ತುಳಜಾಪುರಕ್ಕೋ ಹೋಗಿ ಬರುತ್ತೇವೆ. ಈ ವರ್ಷ ನನ್ನ ಅತ್ತೆ ಕಟ್ಟೆಯ ಮೇಲೆ ಕೂತು ಬೇರೆ ಮಾತು ತೆಗೆದರು.

“ಇಷ್ಟ್ ವರ್ಷ ದೇವರಿಗಿ ನೋಡೀನಿ. ದೇವರು ಏರಿ ಬರ್ತದಲ್ಲ ಆ ಹುಲಿಗಿ ಒಮ್ಮೆರ ನೋಡಬ್ಯಾಡೇನ್ರೆವ್ವಾ?”

ಪಕ್ಕದ ಮನೆಯ ಚಂಪಾಬಾಯಿಗೆ ನಾಲಿಗೆ ಸುಮ್ಮನಿರುವುದಿಲ್ಲ. “ನಿಮಗ ನೋಡಿ ಹುಲೀನೇ ಓಡಿ ಹೋದ್ರ ಏನ್ ಮಾಡೋದ್ರಿ ಅತ್ತಿ?” ಅಂದಳು.

“ನನಗ ನೋಡಿ ಯಾಕ ಓಡ್ತದ? ನಾ ಏನ್ ನಿನ್ನಂಗ ಹೊತ್ತ್ ಮುಳಗತನಾ ಬಡಬಡ ಹಚ್ತೀನೇನು?”

ಹೀಗೆ ನಿರ್ಧಾರವಾಗಿ, ರೈಲು ಹತ್ತಿ, ಬಸ್ಸು ಹತ್ತಿ, ನಿಮ್ಮ ಗೇಟಿಗೆ ಬಂದೆವು. ಕಾಡಿನ ಬಾಗಿಲಲ್ಲಿ ಫಲಕವೆಲ್ಲ ಕನ್ನಡದಲ್ಲಿದ್ದುದನ್ನು ಕಂಡು ನನಗೆ ತವರಿಗೆ ಬಂದಷ್ಟು ಹಿಗ್ಗಾಯಿತು. ಒಂದೊಂದನ್ನೂ ದೊಡ್ಡದಾಗಿ ಓದಿ ಎಲ್ಲರಿಗೂ ಹೇಳಿದೆ. ಕೂಗಬಾರದು, ಇಳಿಯಬಾರದು, ಪ್ರಾಣಿಗಳಿಗೆ ತಿಂಡಿ ಎಸೆಯಬಾರದು, ಕೈ ಹೊರಗೆ ಹಾಕಬಾರದು. ಅನುಸೂಯಾ ಖಾಕಿ ಅಂಗಿ, ಟೊಪ್ಪಿಗೆ ಹಾಕಿಕೊಂಡು ಬಸ್ಸಿನ ಮುಂದೆ ನಿಂತು ಅದನ್ನೇ ಮತ್ತೊಮ್ಮೆ ಹೇಳಿದಳು. “ಅಮ್ಮಂದಿರೇ, ಒಳಗೆ ಹೋದ್ಮೇಲೆ ಯಾರೂ ಕಿರುಚ್ಬಾರ್ದು. ಏನಾದ್ರೂ ಕಂಡ್ರೆ ಬೆರಳು ತೋರ್ಸಿ, ಸಾಕು.” ಚಂಪಾಬಾಯಿ ನನ್ನ ಕಿವಿಯಲ್ಲಿ, “ಉಸುರು ಬಿಡಬೌದೇನ್ ಕೇಳು” ಅಂದಳು. ಅದೇ ಅವಳ ಕೊನೆಯ ಮಾತು. ಸಾಹೇಬರೇ, ನಮ್ಮ ಬಸ್ಸಿನ ಅಷ್ಟೂ ಹೆಂಗಸರು ಒಂದು ತಾಸಿನ ಮೇಲೆ ಬಾಯಿ ಬಿಡದೆ ಕೂತೆವು. ಊರಿಗೆ ಬಂದು ಹೇಳಿದಾಗ ನನ್ನ ಯಜಮಾನರು, “ಹುಲಿ ಕಂಡಿದ್ ನಂಬ್ತೀನಿ. ಇದ್ ಮಾತ್ರ ನಂಬಲ್ಲ” ಅಂದರು.

ಏನೇನು ಕಂಡೆವು! ಆನೆಗಳ ಒಂದು ಹಿಂಡು ದಾರಿ ದಾಟಿತು. ಮರಿ ನಡುವೆ, ಹಿರಿಯರು ಹಿಂದೆ ಮುಂದೆ. ಒಂದು ಮುದಿ ಆನೆ ನಮ್ಮ ಬಸ್ಸಿನ ಕಡೆ ಮುಖ ಮಾಡಿ, ಎಲ್ಲರೂ ದಾಟುವವರೆಗೆ ಅಲ್ಲಾಡದೆ ನಿಂತಿತು. ಅತ್ತೆ ಮಾತಾಡದೆ ತಮ್ಮ ಎದೆಯ ಮೇಲೆ ಬೆರಳಿಟ್ಟು ‘ಅದು ನಾನು’ ಎಂಬಂತೆ ತೋರಿಸಿದರು. ಕಾಡುಕೋಣ ಬಂದಾಗ ಅದರ ಮೈ ನೋಡಿ, ನಮ್ಮ ದೇವಣಿ ಹೋರಿಗಳ ಬಗ್ಗೆ ಇಷ್ಟು ದಿನ ಕೊಚ್ಚಿಕೊಂಡದ್ದು ಹೆಚ್ಚಾಯಿತು ಅನ್ನಿಸಿತು.

ಆಮೇಲೆ ಹುಲಿ. ಪೊದೆಯ ಅಂಚಿನಿಂದ ಅದು ಹೊರಗೆ ಬಂತು. ಯಾವ ಅವಸರವೂ ಇಲ್ಲ. ತನ್ನ ಹೊಲದ ಬದುವಿನ ಮೇಲೆ ಬೆಳೆ ನೋಡುತ್ತ ಬರುವ ಪಾಟೀಲರ ಹಿರಿ ಸೊಸೆಯ ಹಾಗೆ ನಡೆದು ಬಂದು, ನಮ್ಮ ಬಸ್ಸಿನ ಕಡೆ ಒಮ್ಮೆ ನೋಡಿತು. ನನ್ನ ಕಣ್ಣಲ್ಲಿ ನೀರು ಬಂತು. ಯಾಕೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಬಸ್ಸಿನಲ್ಲಿ ಎಲ್ಲರ ಕೈ ತಾನಾಗಿ ಎದೆಗೆ ಬಂತು. ನಮ್ಮಲ್ಲಿ ದೇವರ ಪಲ್ಲಕ್ಕಿ ಗುಡಿಯಿಂದ ಹೊರಬಿದ್ದ ಗಳಿಗೆ ಭಂಡಾರ ತೂರಿ ‘ಚಾಂಗಭಲೋ’ ಎಂದು ಕೂಗುವುದು ವಾಡಿಕೆ. ಅತ್ತೆಯ ಸೊಂಟದಲ್ಲಿ ಭಂಡಾರದ ಚೀಲ ಸದಾ ಇರುತ್ತದೆ. ಐವತ್ತು ವರ್ಷಕ್ಕೂ ಮೇಲೆ ಹೀಗೆ ತೂರಿದ ಕೈ ಅದು, ಅವರನ್ನು ಕೇಳದೆ ಚೀಲಕ್ಕೆ ಹೋಯಿತು. ಕೈ ಕಿಟಕಿಯಾಚೆ ಹೋಗಲಿಲ್ಲ, ನಿಯಮ ಮುರಿಯಲಿಲ್ಲ. ಭಂಡಾರ ಮಾತ್ರ ಹೋಯಿತು. ಕೂಗಬೇಕಾದ ‘ಚಾಂಗಭಲೋ’ವನ್ನು ಕೂಗಬಾರದು ಎಂದಿದ್ದರಿಂದ ನಾವೆಲ್ಲ ಪಿಸುಗುಟ್ಟಿದೆವು. ದೇವರಿಗೆ ಪಿಸುಮಾತಿನ ಜೈಕಾರ ಕೇಳಿಸಿದ್ದು ಪ್ರಾಯಶಃ ಅದೇ ಮೊದಲು.

ಗಾಳಿ ಎದುರಿಗಿತ್ತು. ತೂರಿದ್ದೆಲ್ಲ ತಿರುಗಿ ಬಸ್ಸಿನೊಳಗೇ ಬಂತು, ಬಂದು ಬಾಗಿಲ ಬಳಿ ನಿಂತಿದ್ದ ಅನುಸೂಯಾಳ ಟೊಪ್ಪಿಗೆ, ಹೆಗಲು ಎಲ್ಲ ಹಳದಿಯಾಯಿತು. ಹುಲಿಯ ಮೀಸೆಗೂ ತಾಗಲಿಲ್ಲ. ಅದು ಆಕಳಿಸಿ, ನೆರಳು ನೋಡಿ ಮಲಗಿತು. ಅನುಸೂಯಾ ಬೈಯಲಿಲ್ಲ. “ಅಜ್ಜೀ, ಇಲ್ಲಿ ಬೇಡ. ಮನ್ಸಲ್ಲೇ ಕೈ ಮುಗೀರಿ” ಅಂದಳು, ಅತ್ತೆ ಕೂಡಲೇ ಚೀಲದ ಬಾಯಿ ಕಟ್ಟಿದರು. ಗೇಟಿಗೆ ಬಂದ ಮೇಲೆ ಅತ್ತೆ ಅವಳ ಗಲ್ಲ ಹಿಡಿದು, “ನಿಮ್ ದೇವರೂ ಹುಲಿ ಏರ್ತದೇನವ್ವ?” ಎಂದು ಕೇಳಿದರು. “ನಮ್ಮ ಮಾದಪ್ಪ ಕೂರೋದೇ ಹುಲಿ ಮೇಲೆ ಅಜ್ಜಿ.” “ಹಂಗಾರ ನಾವ್ ನೀವ್ ಬೀಗರು, ಬಿಡು. ನಿನ್ ಮ್ಯಾಲ ಭಂಡಾರ ಬಿದ್ದದ. ಈ ವರ್ಷ ನಿನಗ ಛಲೋ ಆಗ್ತದ.”

ಛಲೋ ಆದದ್ದು ಹೇಗೆಂದು ನಿಮಗೆ ಗೊತ್ತೇ ಇದೆ.

ಹುಲಿ ಬಂದಾಗ ನಮ್ಮ ಪಕ್ಕದಲ್ಲಿ ಒಂದು ಜೀಪು ನಿಂತಿತ್ತು. ಅದರಲ್ಲಿದ್ದ ಕಲಿತ ಜನ ಸೀಟಿನ ಮೇಲೆ ಹತ್ತಿ, ಅರ್ಧ ಮೈ ಹೊರಗೆ ಹಾಕಿ ನಿಂತಿದ್ದರು. ಒಬ್ಬರು ಮನೆಗೆ ಫೋನು ಹಚ್ಚಿ “ಲೈವ್ ನೋಡು, ಲೈವ್ ನೋಡು” ಎನ್ನುತ್ತಿದ್ದರು. ಇನ್ನೊಬ್ಬರ ಫೋನಿನಲ್ಲಿ ಹಾಡು ಬಡಿದುಕೊಳ್ಳುತ್ತಿತ್ತು. ಅವರೇ ತೆಗೆದ ವಿಡಿಯೋ ‘ಹುಲಿಗೆ ಮಾಟ ಮಾಡಿದ ಮುದುಕಿ’ ಎಂಬ ಹೆಸರಿನಲ್ಲಿ ಊರೂರು ತಿರುಗಿತು, ನಿಮ್ಮ ಮೇಜಿಗೂ ಬಂತು. ಅದರಲ್ಲಿ ನಿಮಗೆ ಹಳದಿ ಪುಡಿ ಕಂಡಿತು. ತೆಗೆದವರ ಗದ್ದಲ ಕೇಳಲಿಲ್ಲವೇ? ಒಂದು ಹಿಡಿ ಅರಿಶಿನಕ್ಕೆ ಹುಲಿಗೆ ತೊಂದರೆ, ಅಷ್ಟು ಜನ ಸೀಟಿನ ಮೇಲೆ ಕುಣಿದರೆ ಮನರಂಜನೆ, ಇದು ಯಾವ ಕಾಯಿದೆಯ ಪುಸ್ತಕದಲ್ಲಿದೆ? ಹುಲಿಯನ್ನೇ ಕೇಳಿದ್ದರೆ ಅದು ಯಾರ ಮೇಲೆ ತಕರಾರು ಕೊಡುತ್ತಿತ್ತು?

ನಮಗೆ ಇದು ತಿಳಿದದ್ದು ತಿಂಗಳ ನಂತರ. ಹುಲಿ ಹೇಗಿದೆ ಎಂದು ಕೇಳಲು ಚಂಪಾಬಾಯಿ ಗೇಟಿನಲ್ಲಿ ನಂಬರು ಬರೆಸಿಕೊಂಡಿದ್ದ ಅನುಸೂಯಾಳಿಗೆ ಫೋನು ಮಾಡಿದಳು. ಚಂಪಾಬಾಯಿ ಯಾವಾಗಲೂ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿಯೇ ಮಾತಾಡುವವಳು. ಅನುಸೂಯಾ ಮೊದಲು ನಕ್ಕು ಹಾರಿಸಿದಳು, ಆಮೇಲೆ ಹೇಳಿದಳು. “ಆ ಹೆಂಗಸ್ರು ಒರಟ್ರು, ಹೇಳಿದ್ ಮಾತು ಕೇಳ್ಲಿಲ್ಲ ಅಂತ ಒಪ್ಕೋ, ನಿನ್ನ ಬಿಟ್ಬಿಡ್ತೀವಿ ಅಂದ್ರು ಅಕ್ಕ. ಕೇಳಿದ್ರು ಸಾರ್, ಹೇಳ್ದಂಗೇ ಕೇಳಿದ್ರು ಅಂದೆ. ಅದಕ್ಕೆ ಮನೇಲಿ ಕೂರ್ಸಿದ್ದಾರೆ. ಹೆಂಗಸ್ರಿಗೆ ಈ ಕೆಲ್ಸ ಆಗಲ್ಲ ಅಂತ ಮೊದ್ಲೇ ಅಂತಿದ್ರು, ಈಗ ಇನ್ನೂ ಸಸಾರ ಆಯ್ತು. ಅಜ್ಜಿಗೆ ಮಾತ್ರ ಹೇಳ್ಬೇಡಿ.”

ಅಜ್ಜಿ ಅಲ್ಲೇ ಕೂತು ಉಣ್ಣೆ ನೂಲುತ್ತಿದ್ದರು.

ಅಂದಿನಿಂದ ನನ್ನ ಅತ್ತೆ ಭಂಡಾರದ ಚೀಲವನ್ನು ಸೊಂಟದಿಂದ ಬಿಚ್ಚಿ ದೇವರ ಮಾಡದಲ್ಲಿಟ್ಟಿದ್ದಾರೆ, ಮುಟ್ಟುವುದಿಲ್ಲ. ನಮ್ಮ ಓಣಿಯಲ್ಲಿ ಹುಟ್ಟಿದ ಕೂಸಿಗೆ, ಈದ ಆಕಳಿಗೆ, ಪರೀಕ್ಷೆಗೆ ಹೊರಟವರಿಗೆ ಅವರ ಕೈಯಿಂದಲೇ ಭಂಡಾರ ಹಚ್ಚಿಸಿಕೊಳ್ಳಬೇಕು. ಹೋದ ವಾರ ಓಣಿಯ ಸಾರಿಕಾ ತನ್ನ ಹಸುಗೂಸನ್ನು ಎತ್ತಿಕೊಂಡು ಬಂದಳು. ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡು ನನ್ನ ಕಡೆ ತಿರುಗಿದರು. “ಸುಮಿತ್ರಾ, ನೀ ಹಚ್ಚು. ನನ್ ಕೈಲಿಂದ ಬಿದ್ದದ್ದು ಒಬ್ಬಾಕಿ ಅನ್ನಕ್ ಕಲ್ಲಾಯ್ತು.” ಬೀರಪ್ಪನ ಮೇಲೆ ಅವರಿಗೆ ಅನುಮಾನವಿಲ್ಲ. ತಮ್ಮ ಕೈಯ ಮೇಲೆ ಅನುಮಾನ ಬಂದಿದೆ. ಸಾಹೇಬರೇ, ನಿಮ್ಮ ಒಂದು ಆದೇಶ ಅಲ್ಲಿ ಒಬ್ಬಳ ಕೆಲಸ ತಿಂದಿತು, ಇಲ್ಲಿ ಒಬ್ಬರ ಕೈಯನ್ನು ಕಟ್ಟಿಹಾಕಿತು. ಇಷ್ಟು ದೂರ ಮುಟ್ಟುವ ಅಧಿಕಾರ ನಿಮ್ಮಲ್ಲಿದೆ ಎಂದು ನಿಮಗೇ ಗೊತ್ತಿರಲಿಕ್ಕಿಲ್ಲ.

ನಾನು ನಿಮ್ಮ ಕಚೇರಿಗೆ ಫೋನು ಮಾಡಿದೆ. ಒಬ್ಬರು ಎತ್ತಿ ಯಾವ ರಾಜ್ಯದವರು ಎಂದು ಕೇಳಿದರು. ಮಹಾರಾಷ್ಟ್ರ ಅಂದೆ.

“ಮತ್ತೆ ಕನ್ನಡ ಹೇಗೆ ಮಾತಾಡ್ತೀರಿ?”

“ಬಾಯಿಲಿಂದ್ರಿ ಸಾಹೇಬ್ರ.”

ಅವರು ಮೇಲಿನವರಿಗೆ ಬರೆಯಿರಿ ಎಂದು ಫೋನು ಇಟ್ಟರು. ಮೇಲಿನವರು ಇಬ್ಬರು. ಒಬ್ಬನಿಗೆ ಬೆಳಿಗ್ಗೆ ದೀಪ ಹಚ್ಚಿದೆ, ಇನ್ನೊಬ್ಬರಿಗೆ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಒಪ್ಪುತ್ತೇನೆ. ಕಾಡು ನಮ್ಮ ಗುಡಿಯ ಅಂಗಳವಲ್ಲ, ಅಲ್ಲಿ ಏನನ್ನೂ ತೂರಬಾರದು. ದಿನಕ್ಕೊಂದು ಬಸ್ಸು ಜನ ಬಂದು ತಮ್ಮ ತಮ್ಮ ದೇವರ ಪುಡಿ ತೂರಿದರೆ ಹುಲಿಯ ಗತಿ ಏನು ಎಂದು ನನಗೂ ತಿಳಿಯುತ್ತದೆ. ಅದಕ್ಕೊಂದು ಫಲಕ ಹಾಕಿಸಿ: ‘ಭಂಡಾರ, ಕುಂಕುಮ, ವಿಭೂತಿ ತೂರಬಾರದು’. ನಾನೇ ಬಂದು ಓದಿ ಎಲ್ಲರಿಗೂ ಹೇಳುತ್ತೇನೆ. ಶಿಕ್ಷೆ ಬೇಕೇ ಬೇಕೆಂದರೆ ನಮಗೆ ಕೊಡಿ. ನಿಮ್ಮ ಗೇಟಿನ ಹೊರಗಿನ ರಸ್ತೆಯ ಬದಿಯಲ್ಲಿ ಪ್ಲಾಸ್ಟಿಕ್ಕು ಬಿದ್ದಿರುವುದನ್ನು ಕಂಡೆವು, ನಮ್ಮ ಗಟದ ಹೆಂಗಸರೆಲ್ಲ ಬಂದು ಒಂದು ದಿನ ಪೂರಾ ಆರಿಸುತ್ತೇವೆ. ಚಂಪಾಬಾಯಿಯನ್ನು ಇಡೀ ದಿನ ಸುಮ್ಮನಿರಿಸುವ ಶಿಕ್ಷೆಯನ್ನೂ ಸೇರಿಸಿದರೆ ಓಣಿಯವರು ನಿಮಗೆ ಋಣಿಯಾಗಿರುತ್ತಾರೆ. ಆದರೆ ಅನುಸೂಯಾಳನ್ನು ಮರಳಿ ಬಸ್ಸಿಗೆ ಹತ್ತಿಸಿ. ನಮ್ಮನ್ನು ಒರಟರು ಎಂದು ಒಂದು ಸುಳ್ಳು ಹೇಳಿದ್ದರೆ ಅವಳ ಕೆಲಸ ಉಳಿಯುತ್ತಿತ್ತು, ಹೇಳಲಿಲ್ಲ. ಅಂಥವಳನ್ನು ಮನೆಗೆ ಕಳಿಸಿ ಕಾಡನ್ನು ಇನ್ಯಾರ ಕೈಗೆ ಕೊಡುತ್ತೀರಿ?

ಕೊನೆಯ ಬಿನ್ನಹ. ಉತ್ತರವನ್ನು ಅಂಚೆಗೆ ಹಾಕಬೇಡಿ. ಬೀದರ್ ಜಿಲ್ಲೆಯಲ್ಲೂ ಒಂದು ಔರಾದ ಇದೆ, ನಮ್ಮ ಕಾಗದಗಳು ಮೊದಲು ಅಲ್ಲಿ ನೆಂಟಸ್ತನ ಮುಗಿಸಿ ಆಮೇಲೆ ಇಲ್ಲಿಗೆ ಬರುತ್ತವೆ. ಬರುವ ಅಮಾವಾಸ್ಯೆ ಕಳೆದ ಮೇಲೆ ನಾನು ಅತ್ತೆಯನ್ನು ಕರೆದುಕೊಂಡು ನಿಮ್ಮ ಗೇಟಿಗೆ ಬಂದು ನಿಲ್ಲುತ್ತೇನೆ. ಉತ್ತರವನ್ನು ಅನುಸೂಯಾಳ ಕೈಯಲ್ಲಿ ಕೊಟ್ಟು ಕಳಿಸಿ. ಅವಳು ಖಾಕಿ ಹಾಕಿಕೊಂಡು ಒಳಗಿನಿಂದ ನಡೆದು ಬಂದು ಅದನ್ನು ನನ್ನ ಅತ್ತೆಗೆ ಕೊಡಲಿ. ಲಕೋಟೆ ಖಾಲಿ ಇದ್ದರೂ ನಡೆಯುತ್ತದೆ.

ಇಂತಿ,
ನಿಮ್ಮ ಕಡತದಲ್ಲಿ ಬಹುಶಃ ‘ಮಾಟಗಾತಿಯ ಸೊಸೆ’ ಎಂದು ದಾಖಲಾಗಿರುವ
ಸುಮಿತ್ರಾಬಾಯಿ
ಔರಾದ ಶಹಾಜನಿ, ನಿಲಂಗಾ ತಾಲೂಕು